ಯೂರೋಪ್ ಕ್ರೂಸ್ ಮುಗಿಸಿ ಮನೆಗೆ ಬಂದಿರಾ? ಮೊದಲ ತಿಂಗಳಲ್ಲಿ ಮಾಡಬೇಕಾದ ಕೆಲಸಗಳು

ಯೂರೋಪಿಗೆ ಹೋಗುವ ಮೊದಲು ಏನೇನು ಮಾಡಬೇಕು ಅಂತ ಹೇಳಿಕೊಡುವವರು ಬೇಕಾದಷ್ಟು ಜನ ಸಿಗುತ್ತಾರೆ. ವೀಸಾಗೆ ಯಾವ ಕಾಗದ, ಕೈಯಲ್ಲಿ ಎಷ್ಟು ಯೂರೋ, ಚಟ್ನಿಪುಡಿ ಯಾವ ಬ್ಯಾಗಿನಲ್ಲಿ, ಎಲ್ಲದಕ್ಕೂ ಸಲಹೆ ಇದೆ. ವಾಪಸ್ ಬಂದ ಮೇಲೆ ಏನು ಮಾಡಬೇಕು ಅಂತ ಮಾತ್ರ ಯಾರೂ ಹೇಳುವುದಿಲ್ಲ. ಸೂಟ್‌ಕೇಸ್ ಅಟ್ಟಕ್ಕೆ ಹೋಗುತ್ತದೆ. ಫೋಟೋ ಫೋನಿನಲ್ಲೇ ಉಳಿಯುತ್ತದೆ. ಸೋಮವಾರ ಆಫೀಸು, ಸ್ಕೂಲು ಶುರು. ತಿಂಗಳು ಕಳೆಯುವ ಹೊತ್ತಿಗೆ ಅಷ್ಟು ದೊಡ್ಡ ಪ್ರವಾಸದ ಬಗ್ಗೆ ಯಾರಾದರೂ ಕೇಳಿದರೆ "ಚೆನ್ನಾಗಿತ್ತು" ಅನ್ನುವುದು ಬಿಟ್ಟು ಬೇರೆ ಮಾತು ಬಾಯಿಗೆ ಬರುವುದಿಲ್ಲ.

ಹಿರಿಯರನ್ನೂ ಮಕ್ಕಳನ್ನೂ ಕಟ್ಟಿಕೊಂಡು, ವರ್ಷಗಟ್ಟಲೆ ಉಳಿಸಿದ ದುಡ್ಡಿನಲ್ಲಿ ಹೋಗಿಬಂದ ಪ್ರವಾಸ ಅದು. ಬಂದ ಮೇಲಿನ ಮೊದಲ ತಿಂಗಳು ಒಂದಿಷ್ಟು ಗಮನ ಕೊಟ್ಟರೆ ಬರಬೇಕಾದ ದುಡ್ಡು ವಾಪಸ್ ಬರುತ್ತದೆ. ಅದಕ್ಕಿಂತ ಮುಖ್ಯವಾಗಿ, ಮನೆಯಲ್ಲಿ ಯಾರಿಗೆ ಏನು ಹಿಡಿಸಿತು, ಯಾರಿಗೆ ಎಲ್ಲಿ ಕಷ್ಟವಾಯಿತು ಅನ್ನುವುದು ತಿಳಿಯುತ್ತದೆ. ಹಡಗಿನಲ್ಲಿ ದಿನಾ ಒಂದೇ ಮೇಜಿನಲ್ಲಿ ಊಟ ಮಾಡಿದವರೂ ಮನಸ್ಸಿನಲ್ಲಿ ಬೇರೆ ಬೇರೆ ಪ್ರವಾಸ ಮಾಡಿ ಬಂದಿರುತ್ತಾರೆ. ಅದನ್ನು ಕೇಳಿ ತಿಳಿದುಕೊಳ್ಳದೆ ಬಿಟ್ಟರೆ ಅರ್ಧ ಪ್ರವಾಸ ಕಳೆದುಹೋದ ಹಾಗೆ. ಮೆಡಿಟರೇನಿಯನ್ ಕ್ರೂಸ್ ಮುಗಿಸಿ ಬಂದ ಮೇಲೆ ನಮ್ಮ ಮನೆಯಲ್ಲಿ ಮಾಡಿ ಉಪಯೋಗ ಕಂಡಿದ್ದನ್ನು ಇಲ್ಲಿ ಕ್ರಮವಾಗಿ ಬರೆದಿದ್ದೇನೆ.

ಮೊದಲ ಹೆಜ್ಜೆ: ಎರಡು ಮೂರು ದಿನ ಮೈ ಸುಧಾರಿಸಿಕೊಳ್ಳಲಿ

ವಿಮಾನ ಇಳಿದ ಮರುದಿನವೇ ಆಫೀಸಿಗೆ ಹೋಗುವ ಯೋಚನೆ ಬೇಡ. ಇಟಲಿ, ಸ್ಪೇನ್, ಫ್ರಾನ್ಸ್‌ಗಿಂತ ನಮ್ಮ ಗಡಿಯಾರ ಅಲ್ಲಿನ ಬೇಸಿಗೆಯಲ್ಲಿ ಮೂರೂವರೆ ಗಂಟೆ ಮುಂದೆ, ಚಳಿಗಾಲದಲ್ಲಿ ನಾಲ್ಕೂವರೆ ಗಂಟೆ ಮುಂದೆ. ಹೋಗುವಾಗ ಈ ವ್ಯತ್ಯಾಸ ಅಷ್ಟಾಗಿ ಕಾಡುವುದಿಲ್ಲ. ಪೂರ್ವಕ್ಕೆ ವಾಪಸ್ ಬರುವಾಗ ಕಾಡುತ್ತದೆ, ಯಾಕೆಂದರೆ ಮೈ ಇನ್ನೂ ಎಚ್ಚರವಾಗಿರುವ ಹೊತ್ತಿಗೇ ಮಲಗಬೇಕು. ರಾತ್ರಿ ಒಂದು ಗಂಟೆಯಾದರೂ ನಿದ್ದೆ ಬರುವುದಿಲ್ಲ, ಬೆಳಿಗ್ಗೆ ಎಬ್ಬಿಸಿದರೂ ಎಚ್ಚರವಾಗುವುದಿಲ್ಲ. ಇದಕ್ಕೆ ಒಳ್ಳೆಯ ಮದ್ದು ಬೆಳಗಿನ ಬೆಳಕು. ಎಷ್ಟೇ ಕಣ್ಣು ಎಳೆಯುತ್ತಿದ್ದರೂ ಏಳು ಗಂಟೆಗೆ ಎದ್ದು ಲಾಲ್‌ಬಾಗೋ, ಮನೆ ಹತ್ತಿರದ ಪಾರ್ಕೋ, ಅರ್ಧ ಗಂಟೆ ಬಿಸಿಲಿಗೆ ಮೈ ಒಡ್ಡಿ ಬನ್ನಿ. ಮಧ್ಯಾಹ್ನದ ನಿದ್ದೆ ಅರ್ಧ ಗಂಟೆ ದಾಟದಿರಲಿ. ಊಟಕ್ಕೆ ತಿಳಿಸಾರು, ಅನ್ನ, ಮಜ್ಜಿಗೆ ಸಾಕು. ದಿನಾ ಬಫೆ ತಿಂದ ಹೊಟ್ಟೆಗೂ ರಜೆ ಬೇಕು.

ಕ್ರೂಸ್ ಮಾಡಿದವರಿಗೆ ಇನ್ನೊಂದು ವಿಚಿತ್ರ ಇದೆ. ಮನೆಯ ಸೋಫಾದಲ್ಲಿ ಕೂತಾಗ ನೆಲ ಮೆಲ್ಲಗೆ ತೂಗಿದ ಹಾಗೆ ಅನ್ನಿಸುತ್ತದೆ. ಸ್ನಾನಕ್ಕೆ ನಿಂತು ಕಣ್ಣು ಮುಚ್ಚಿದರೆ ಜಾಸ್ತಿ. ಹಡಗಿನ ಅಲುಗಾಟಕ್ಕೆ ಒಗ್ಗಿಕೊಂಡ ಮಿದುಳು ಗಟ್ಟಿ ನೆಲಕ್ಕೆ ಮತ್ತೆ ಒಗ್ಗಿಕೊಳ್ಳಲು ತೆಗೆದುಕೊಳ್ಳುವ ಸಮಯ ಅದು. ಹೆಚ್ಚಿನವರಿಗೆ ಒಂದೆರಡು ದಿನದಲ್ಲಿ ಹೋಗುತ್ತದೆ, ಗಾಬರಿ ಬೇಡ. ಆದರೆ ವಯಸ್ಸಾದವರ ಬಗ್ಗೆ ಎಚ್ಚರ ಇರಲಿ. ಬಚ್ಚಲಿನಲ್ಲಿ ಹಿಡಿದುಕೊಳ್ಳಲು ಏನಾದರೂ ಇರಲಿ, ರಾತ್ರಿ ಒಂದು ಸಣ್ಣ ದೀಪ ಉರಿಯುತ್ತಿರಲಿ. ವಾರ ಕಳೆದರೂ ತೂಗಾಟ ನಿಲ್ಲದಿದ್ದರೆ ಕಿವಿ-ಮೂಗು-ಗಂಟಲು ಡಾಕ್ಟರಿಗೆ ತೋರಿಸಿ.

ಇನ್ನೆರಡು ವಿಷಯ ಮರೆಯಬೇಡಿ. ಒಂದೇ ಕಾಲಿನ ಮೀನಖಂಡ ಊದಿಕೊಂಡು ನೋಯುತ್ತಿದ್ದರೆ, ಉದ್ದನೆಯ ವಿಮಾನ ಪ್ರಯಾಣದಲ್ಲಿ ರಕ್ತ ಹೆಪ್ಪುಗಟ್ಟಿರಬಹುದು. ಅವತ್ತೇ ಡಾಕ್ಟರ ಹತ್ತಿರ ಹೋಗಿ. ಬಂದ ಎರಡು ವಾರದೊಳಗೆ ಜ್ವರ, ಕೆಮ್ಮು ಬಂದರೆ "ನಾವು ಕ್ರೂಸ್ ಹಡಗಿನಲ್ಲಿದ್ದೆವು" ಅಂತ ತಪ್ಪದೆ ಹೇಳಿ. ಯಾವ ಪರೀಕ್ಷೆ ಮಾಡಿಸಬೇಕು ಅನ್ನುವುದು ಆ ಒಂದು ಮಾತಿನಿಂದ ಬದಲಾಗಬಹುದು.

ಎರಡನೇ ಹೆಜ್ಜೆ: ಬಟ್ಟೆ ತೆಗೆಯುವ ಮೊದಲು ಕಾಗದ ತೆಗೆಯಿರಿ

ಒಂದು ರಟ್ಟಿನ ಪೆಟ್ಟಿಗೆ ತಂದು ನಡುಮನೆಯಲ್ಲಿ ಇಡಿ. ಎಲ್ಲರ ಪರ್ಸು, ಜಾಕೆಟ್ ಜೇಬು, ಬ್ಯಾಗಿನ ಸಂದಿ, ಎಲ್ಲೆಲ್ಲಿ ಕಾಗದ ಇದೆಯೋ ಎಲ್ಲ ಅದರೊಳಗೆ ಬೀಳಲಿ. ಬೋರ್ಡಿಂಗ್ ಪಾಸ್, ಲಗೇಜಿಗೆ ಅಂಟಿಸಿದ ಚೀಟಿ, ಹೋಟೆಲ್ ಬಿಲ್ಲು, ರೈಲು ಟಿಕೆಟ್, ಹಡಗಿನ ಕಾರ್ಡು, ರಾತ್ರಿ ರೂಮಿಗೆ ತಂದಿಡುತ್ತಿದ್ದ ಮರುದಿನದ ಕಾರ್ಯಕ್ರಮದ ಹಾಳೆ. ಯಾವುದನ್ನೂ "ಇದ್ಯಾಕೆ" ಅಂತ ಎಸೆಯಬೇಡಿ, ಆರಿಸುವ ಕೆಲಸ ಆಮೇಲೆ.

ಅಂಗಡಿ ಬಿಲ್ಲುಗಳು ಹೆಚ್ಚಾಗಿ ಥರ್ಮಲ್ ಕಾಗದದವು. ನಾಲ್ಕಾರು ತಿಂಗಳಿಗೆ ಅಕ್ಷರ ಮಾಸಿಹೋಗುತ್ತದೆ. ಅವತ್ತೇ ಫೋನಿನಲ್ಲಿ ಸ್ಕ್ಯಾನ್ ಮಾಡಿ ಇಟ್ಟುಕೊಳ್ಳಿ. ಬೋರ್ಡಿಂಗ್ ಪಾಸನ್ನೂ ಹಾಗೇ. ಒಂದೇ ವೀಸಾದಲ್ಲಿ ಸುತ್ತಬಹುದಾದ ಯೂರೋಪಿನ ಷೆಂಗೆನ್ ದೇಶಗಳ ಗಡಿಯಲ್ಲಿ 2025ರ ಅಕ್ಟೋಬರ್ 12ರಿಂದ ಹಂತಹಂತವಾಗಿ ಹೊಸ ವ್ಯವಸ್ಥೆ ಬಂದಿದೆ. ಪಾಸ್‌ಪೋರ್ಟಿಗೆ ಸೀಲು ಒತ್ತುವ ಬದಲು ಬೆರಳಚ್ಚು, ಮುಖದ ಚಿತ್ರ ತೆಗೆದು ಕಂಪ್ಯೂಟರಿನಲ್ಲಿ ದಾಖಲಿಸುತ್ತಾರೆ. ಯಾವ ದಿನ ಒಳಗೆ ಹೋದಿರಿ, ಯಾವ ದಿನ ಹೊರಗೆ ಬಂದಿರಿ ಅನ್ನುವುದಕ್ಕೆ ಪಾಸ್‌ಪೋರ್ಟಿನಲ್ಲಿ ಗುರುತು ಇಲ್ಲದಿದ್ದರೆ, ನಿಮ್ಮ ಕೈಯಲ್ಲಿ ಇರುವ ಆಧಾರ ಆ ಬೋರ್ಡಿಂಗ್ ಪಾಸ್ ಮಾತ್ರ. ಯಾವುದೇ 180 ದಿನದಲ್ಲಿ 90 ದಿನಕ್ಕಿಂತ ಹೆಚ್ಚು ಅಲ್ಲಿ ಇರುವಂತಿಲ್ಲ ಅನ್ನುವ ಲೆಕ್ಕಕ್ಕೆ ಮುಂದಿನ ಸಲ ಬೇಕಾಗುತ್ತದೆ.

ಮೂರನೇ ಹೆಜ್ಜೆ: ಮೊದಲ ವಾರದಲ್ಲೇ ದುಡ್ಡಿನ ಲೆಕ್ಕ

ಈ ಕೆಲಸ ಬೇಜಾರಿನದು, ಆದರೆ ತಡ ಮಾಡಿದಷ್ಟೂ ಕೈಗೆ ಸಿಗುವುದು ಕಡಿಮೆ. ಕೆಲವಕ್ಕೆ ಕಟ್ಟುನಿಟ್ಟಾದ ಗಡುವು ಇದೆ. ಆದ್ದರಿಂದ ಗಡುವು ಹತ್ತಿರ ಇರುವುದರಿಂದಲೇ ಶುರು ಮಾಡೋಣ.

ಸೂಟ್‌ಕೇಸ್ ಒಡೆದಿದ್ದರೆ ಸಾಮಾನು ಕೈಗೆ ಬಂದ 7 ದಿನದೊಳಗೆ ವಿಮಾನ ಕಂಪನಿಗೆ ಲಿಖಿತ ದೂರು ಹೋಗಬೇಕು. ತಡವಾಗಿ ಬಂದಿದ್ದರೆ, ಅದು ಕೈಗೆ ಸಿಕ್ಕ 21 ದಿನದೊಳಗೆ. ಇದು 1999ರ ಮಾಂಟ್ರಿಯಲ್ ಒಪ್ಪಂದದ ನಿಯಮ, ಭಾರತಕ್ಕೂ ಅನ್ವಯಿಸುತ್ತದೆ. ವಿಮಾನ ನಿಲ್ದಾಣದಲ್ಲೇ ದೂರು ಬರೆಸಿ ಅದರ ಪ್ರತಿ ತಂದಿದ್ದರೆ ಕೆಲಸ ಸುಲಭ. ಟ್ರಾವೆಲ್ ಇನ್ಶೂರೆನ್ಸ್ ಕ್ಲೇಮಿಗೂ ಅದೇ ಪ್ರತಿ ಬೇಕು.

ವಾಪಸ್ ಬರುವ ವಿಮಾನ ಯೂರೋಪಿನಲ್ಲೇ ತಡವಾಗಿತ್ತಾ? ಯೂರೋಪಿಯನ್ ಯೂನಿಯನ್ನಿನ ನಿಲ್ದಾಣದಿಂದ ಹೊರಟ ವಿಮಾನ ಯಾವ ದೇಶದ ಕಂಪನಿಯದೇ ಆಗಿರಲಿ, ಅಲ್ಲಿನ 261ನೇ ನಿಯಮ ಅನ್ವಯಿಸುತ್ತದೆ. 3,500 ಕಿಲೋಮೀಟರಿಗಿಂತ ದೂರದ ಪ್ರಯಾಣಕ್ಕೆ ಪರಿಹಾರ ಒಬ್ಬರಿಗೆ 600 ಯೂರೋವರೆಗೆ ಇದೆ, ಬೆಂಗಳೂರು ಆ ಲೆಕ್ಕಕ್ಕೆ ಬರುತ್ತದೆ. ಕೆಟ್ಟ ಹವಾಮಾನದಂಥ ಕಾರಣಕ್ಕೆ ತಡವಾಗಿದ್ದರೆ ಸಿಗುವುದಿಲ್ಲ. ಕಂಪನಿಯ ತಾಣದಲ್ಲೇ ಅರ್ಜಿ ಇರುತ್ತದೆ, ನೀವೇ ಹಾಕಬಹುದು. ಕಮಿಷನ್ ಕೇಳುವ ಮಧ್ಯವರ್ತಿ ಬೇಕಾಗಿಲ್ಲ.

ಆಮೇಲೆ ಕಾರ್ಡ್ ಸ್ಟೇಟ್‌ಮೆಂಟ್. ನೀವು ಮಾಡದ ವ್ಯವಹಾರ ಕಂಡರೆ ಬ್ಯಾಂಕಿನ ಮೆಸೇಜ್ ಬಂದ ಮೂರು ಕೆಲಸದ ದಿನದೊಳಗೆ ತಿಳಿಸಿ. ಬೇರೆ ಯಾರೋ ಮೂರನೆಯವರು ಮಾಡಿದ ಮೋಸವಾಗಿದ್ದು, ಈ ಅವಧಿಯಲ್ಲಿ ತಿಳಿಸಿದರೆ ನಷ್ಟ ನಿಮ್ಮ ತಲೆಗೆ ಬರುವುದಿಲ್ಲ ಅನ್ನುವುದು 2017ರ ರಿಸರ್ವ್ ಬ್ಯಾಂಕ್ ಸುತ್ತೋಲೆ. ಹಡಗಿನವರು ಕಾರ್ಡಿನಲ್ಲಿ ಹಿಡಿದಿಟ್ಟ ಮುಂಗಡ ಮೊತ್ತ ಮತ್ತು ಕೊನೆಯ ಬಿಲ್ಲು ಎರಡೂ ಒಟ್ಟಿಗೆ ಕಾಣಿಸಬಹುದು. ಹಿಡಿದಿಟ್ಟದ್ದು ಸಾಮಾನ್ಯವಾಗಿ ಕೆಲವು ದಿನದಲ್ಲಿ ತಾನಾಗಿಯೇ ಬಿಡುಗಡೆ ಆಗುತ್ತದೆ. ಆಗದಿದ್ದರೆ ಬ್ಯಾಂಕಿಗೆ ಫೋನ್ ಮಾಡಿ.

ಹಡಗಿನ ಬಿಲ್ಲನ್ನು ಮಾತ್ರ ಸಾಲು ಸಾಲಾಗಿ ಓದಿ. ಒಬ್ಬರಿಗೆ ಒಂದು ರಾತ್ರಿಗೆ ಇಷ್ಟು ಅಂತ ಸೇವಾ ಶುಲ್ಕ, ಬೇರೆ ರೆಸ್ಟೋರೆಂಟು, ಕುಡಿಯುವ ನೀರಿನ ಬಾಟಲಿ, ವೈಫೈ, ದಡದ ಟೂರು, ಎಲ್ಲ ಬೇರೆ ಬೇರೆ ಸಾಲಿನಲ್ಲಿ ಇರುತ್ತದೆ. ನಮ್ಮ ಬಿಲ್ಲಿನಲ್ಲಿ ಮಗಳ ಹಡಗಿನ ಕಾರ್ಡಿಗೆ ಒಂದೇ ದಿನ, ಒಂದೇ ನಿಮಿಷದಲ್ಲಿ ಎರಡು ಐಸ್‌ಕ್ರೀಮ್ ಬಿದ್ದಿತ್ತು. ಇಮೇಲ್ ಬರೆದ ಮೇಲೆ ಒಂದನ್ನು ವಾಪಸ್ ಮಾಡಿದರು. ಮೊತ್ತ ಚಿಕ್ಕದು, ಆದರೆ ಅದೇ ಬಿಲ್ಲು ಕೂತು ಓದಿದ್ದರಿಂದ ಮುಂದಿನ ಸಲ ಯಾವ ಪ್ಯಾಕೇಜ್ ಬೇಕು, ಯಾವುದು ಸುಮ್ನೆ ದಂಡ ಅನ್ನುವುದು ಗೊತ್ತಾಯಿತು. ಮನೆಯಲ್ಲಿ ಯಾರೂ ಕುಡಿಯುವವರಿಲ್ಲ ಅಂದರೆ ಡ್ರಿಂಕ್ಸ್ ಪ್ಯಾಕೇಜ್ ಬೇಕೇ ಬೇಕಾಗಿಲ್ಲ. ಕಾಫಿ, ಜ್ಯೂಸು ಬಿಡಿಯಾಗಿ ಕೊಂಡರೂ ಆ ಮೊತ್ತ ತಲುಪುವುದು ಕಷ್ಟ.

ಫೋನ್ ಬಿಲ್ಲನ್ನೂ ನೋಡಿ. ಯೂರೋಪಿನ ರೋಮಿಂಗ್ ಪ್ಯಾಕ್ ದಡಕ್ಕೆ ಮಾತ್ರ. ಸಮುದ್ರದ ಮಧ್ಯೆ ಹಡಗಿನದೇ ಮೊಬೈಲ್ ನೆಟ್‌ವರ್ಕ್ ಇರುತ್ತದೆ, ಅದರ ದರ ಬೇರೆ, ತುಂಬಾ ದುಬಾರಿ. ಏರೋಪ್ಲೇನ್ ಮೋಡ್ ಹಾಕದೆ ಬಿಟ್ಟ ಒಂದು ಫೋನ್ ಸಾಕು.

ತೆರಿಗೆಯ ವಿಷಯಕ್ಕೆ ಬಂದರೆ, ಟೂರ್ ಪ್ಯಾಕೇಜ್ ಕೊಂಡಾಗ ಏಜೆಂಟ್ ಟಿಸಿಎಸ್ ಅಂತ ಒಂದು ಮೊತ್ತ ಹಿಡಿದಿರುತ್ತಾರೆ. 2025-26ನೇ ಸಾಲಿನಲ್ಲಿ ಅದು 10 ಲಕ್ಷದವರೆಗೆ ಶೇ 5, ಅದನ್ನು ದಾಟಿದ ಭಾಗಕ್ಕೆ ಶೇ 20 ಇತ್ತು. ತುಂಬಾ ಜನ ಇದನ್ನು ಖರ್ಚಿನ ಲೆಕ್ಕಕ್ಕೆ ಬರೆದು ಮರೆತುಬಿಡುತ್ತಾರೆ. ಅದು ಖರ್ಚಲ್ಲ, ನಿಮ್ಮ ಪ್ಯಾನ್ ಹೆಸರಿನಲ್ಲಿ ಮುಂಗಡವಾಗಿ ಕಟ್ಟಿದ ತೆರಿಗೆ. ಆದಾಯ ತೆರಿಗೆ ಪೋರ್ಟಲ್‌ನಲ್ಲಿ ಅದು ಕಾಣುತ್ತಿದೆಯಾ ನೋಡಿ, ಇಲ್ಲದಿದ್ದರೆ ಏಜೆಂಟರಿಂದ ಸರ್ಟಿಫಿಕೇಟ್ ಕೇಳಿ, ರಿಟರ್ನ್ಸ್‌ನಲ್ಲಿ ತೋರಿಸಿ. ಸಂಬಳದವರು ಆಫೀಸಿಗೆ ತಿಳಿಸಿದರೆ ಟಿಡಿಎಸ್‌ನಲ್ಲೇ ಹೊಂದಿಸಿಕೊಳ್ಳಲೂ ಆಗುತ್ತದೆ.

ವ್ಯಾಟ್ ರೀಫಂಡ್, ಅಂದರೆ ಅಲ್ಲಿ ಕೊಂಡ ಸಾಮಾನಿನ ಮೇಲೆ ಕಟ್ಟಿದ ತೆರಿಗೆ ವಾಪಸ್ ಪಡೆಯುವ ಬಗ್ಗೆ ಚಿಕ್ಕದಾಗಿ. ಇಟಲಿಯಲ್ಲಿ ಒಂದು ಬಿಲ್ಲು 70 ಯೂರೋ ದಾಟಿರಬೇಕು, ಫ್ರಾನ್ಸಿನಲ್ಲಿ 100 ಯೂರೋ, ಸ್ಪೇನಿನಲ್ಲಿ ಕನಿಷ್ಠ ಮಿತಿಯೇ ಇಲ್ಲ. ಯೂರೋಪ್ ಬಿಡುವ ಕೊನೆಯ ನಿಲ್ದಾಣದಲ್ಲಿ ಕಸ್ಟಮ್ಸ್ ಮುದ್ರೆ ಬಿದ್ದಿರುವ ಫಾರಂ ಪೆಟ್ಟಿಗೆಯಲ್ಲಿ ಉಳಿದುಕೊಂಡಿದ್ದರೆ ಇಲ್ಲಿಂದ ಅಂಚೆಯಲ್ಲಿ ಕಳಿಸಬಹುದು. ಕಳಿಸುವ ಮೊದಲು ಪ್ರತಿ ತೆಗೆದಿಟ್ಟುಕೊಳ್ಳಿ. ಮುದ್ರೆ ಇಲ್ಲದಿದ್ದರೆ ಸಾಮಾನ್ಯವಾಗಿ ಅದರ ಆಸೆ ಬಿಡಬೇಕು.

ಉಳಿದ ಯೂರೋ ನೋಟು? ಎರಡು ಸಾವಿರ ಡಾಲರ್ ಮೌಲ್ಯದವರೆಗೆ ಮುಂದಿನ ಪ್ರವಾಸಕ್ಕೆ ಅಂತ ಮನೆಯಲ್ಲೇ ಇಟ್ಟುಕೊಳ್ಳಬಹುದು. ಅದಕ್ಕಿಂತ ಹೆಚ್ಚಿನದನ್ನು ಬಂದ 180 ದಿನದೊಳಗೆ ವಾಪಸ್ ಕೊಡಬೇಕು. ಎಂ.ಜಿ. ರಸ್ತೆಯ ಕಡೆ ನೋಟು ಬದಲಿಸುವ ಅಂಗಡಿಗಳು ಅಕ್ಕಪಕ್ಕದಲ್ಲೇ ಇವೆ, ಎರಡು ಮೂರು ಕಡೆ ದರ ಕೇಳಿ ಕೊಡಿ. ನಾಣ್ಯ ಅವರು ತೆಗೆದುಕೊಳ್ಳುವುದಿಲ್ಲ, ಅದನ್ನು ಮಕ್ಕಳಿಗೆ ಕೊಡಿ. ಯೂರೋ ನಾಣ್ಯದ ಒಂದು ಬದಿ ದೇಶಕ್ಕೊಂದು ಥರ ಇರುತ್ತದೆ. ಇಟಲಿಯ ಒಂದು ಯೂರೋ ನಾಣ್ಯದಲ್ಲಿ ಲಿಯೊನಾರ್ಡೊ ಬರೆದ ವಿಟ್ರೂವಿಯನ್ ಮನುಷ್ಯ, ಸ್ಪೇನಿನ 50 ಸೆಂಟ್‌ನಲ್ಲಿ ಸೆರ್ವಾಂಟಿಸ್. ಮಕ್ಕಳು ಇದನ್ನು ವಿಂಗಡಿಸುತ್ತ ಒಂದು ಮಧ್ಯಾಹ್ನ ಕೂರುತ್ತಾರೆ.

ಇಟಲಿಯಲ್ಲಿ ಬಾಡಿಗೆ ಕಾರು ಓಡಿಸಿದ್ದವರಿಗೆ ಒಂದು ಮಾತು. ಹಳೆ ಊರಿನ ಒಳಗೆ ಕಾರು ನಿಷೇಧಿಸಿದ ಜಾಗಗಳಲ್ಲಿ ಕ್ಯಾಮೆರಾ ಇರುತ್ತದೆ. ಹೊರದೇಶದವರಿಗೆ ದಂಡದ ನೋಟಿಸ್ ಕಳಿಸಲು ಅವರಿಗೆ 360 ದಿನ ಅವಕಾಶ. ಬಾಡಿಗೆ ಕರಾರನ್ನು ಒಂದು ವರ್ಷ ಎಸೆಯಬೇಡಿ.

ನಾಲ್ಕನೇ ಹೆಜ್ಜೆ: ಎರಡನೇ ಭಾನುವಾರ ಎಲ್ಲರೂ ಕೂತು ಮಾತಾಡಿ

ನನ್ನ ಪ್ರಕಾರ ಎಲ್ಲಕ್ಕಿಂತ ಮುಖ್ಯವಾದ ಕೆಲಸ ಇದು. ಉಳಿದದ್ದನ್ನೆಲ್ಲ ಬಿಟ್ಟರೂ ಇದೊಂದನ್ನು ಬಿಡಬೇಡಿ.

ಯಾಕೆ ಎರಡನೇ ಭಾನುವಾರ? ವಿಮಾನ ನಿಲ್ದಾಣದಿಂದ ಮನೆಗೆ ಬರುವ ದಾರಿಯಲ್ಲಿ ಕೇಳಿದರೆ ಸಿಗುವುದು ಸುಸ್ತಿನ ಉತ್ತರ. ಕ್ರೂಸಿನ ಕೊನೆಯ ದಿನ ಯಾರಿಗೂ ಹಿತವಾಗಿರುವುದಿಲ್ಲ. ಹಿಂದಿನ ರಾತ್ರಿಯೇ ಪೆಟ್ಟಿಗೆ ಕಟ್ಟಿ ರೂಮಿನ ಹೊರಗೆ ಇಡಬೇಕು, ಬೆಳಿಗ್ಗೆ ಬೇಗ ರೂಮು ಬಿಡಬೇಕು, ನಮ್ಮ ಗುಂಪಿನ ಸರದಿ ಬರುವವರೆಗೆ ಕೈಚೀಲ ಹಿಡಿದು ಕಾಯಬೇಕು, ಆಮೇಲೆ ವಿಮಾನ. ಮನಶ್ಶಾಸ್ತ್ರಜ್ಞ ಡೇನಿಯಲ್ ಕಾನೆಮನ್ ಮತ್ತು ಅವರ ಜೊತೆಗಾರರು 1993ರಲ್ಲಿ ಒಂದು ಪ್ರಯೋಗದ ವಿವರ ಪ್ರಕಟಿಸಿದರು. ಜನರ ಕೈಯನ್ನು ಒಂದು ನಿಮಿಷ ಕೊರೆಯುವ ನೀರಿನಲ್ಲಿ ಇಡಿಸಿದರು. ಇನ್ನೊಮ್ಮೆ ಅದೇ ಒಂದು ನಿಮಿಷದ ಜೊತೆ ಮತ್ತೆ ಮೂವತ್ತು ಸೆಕೆಂಡು, ಆದರೆ ಕೊನೆಗೆ ನೀರು ಸ್ವಲ್ಪವೇ ಬೆಚ್ಚಗೆ. ಮತ್ತೆ ಮಾಡುವುದಾದರೆ ಯಾವುದು ಅಂತ ಕೇಳಿದಾಗ ಹೆಚ್ಚಿನವರು ಉದ್ದನೆಯದನ್ನೇ ಆರಿಸಿಕೊಂಡರು. ಕೊನೆ ಹೇಗಿತ್ತು ಅನ್ನುವುದು ಇಡೀ ಅನುಭವದ ನೆನಪಿನ ಮೇಲೆ ಅಷ್ಟು ಪ್ರಭಾವ ಬೀರುತ್ತದೆ. ಹಾಗಾಗಿ ಕೊನೆಯ ದಿನದ ದಣಿವು ಇಳಿಯಲಿ. ತಿಂಗಳುಗಟ್ಟಲೆ ಕಾಯಲೂ ಬೇಡಿ, ಅಷ್ಟರೊಳಗೆ ವಿವರಗಳು ಹೋಗಿಬಿಡುತ್ತವೆ.

ಊಟವಾದ ಮೇಲೆ ಕೂತುಕೊಳ್ಳಿ. ಫೋಟೋ ತೆರೆಯಬೇಡಿ. ಫೋಟೋ ನೋಡಿದ ಕೂಡಲೇ ಎಲ್ಲರ ನೆನಪೂ ಫೋಟೋದಲ್ಲಿ ಇರುವುದರ ಕಡೆಗೇ ತಿರುಗುತ್ತದೆ. ಮೊದಲು ಚಿಕ್ಕವರು ಮಾತಾಡಲಿ, ಆಮೇಲೆ ಹಿರಿಯರು. ಪ್ರವಾಸ ಏರ್ಪಾಡು ಮಾಡಿದವರು ಕೊನೆಗೆ. ಅವರು ನಡುವೆ ಬಾಯಿ ಹಾಕಿ "ಅಲ್ಲಿ ಬಸ್ ಸಿಗಲಿಲ್ಲ ಅದಕ್ಕೇ" ಅಂತ ಸಮಜಾಯಿಷಿ ಕೊಡಲು ಹೋದರೆ ಉಳಿದವರು ಸುಮ್ಮನಾಗಿಬಿಡುತ್ತಾರೆ. ಹಿರಿಯರಂತೂ ದುಡ್ಡು ಹಾಕಿ ಕರೆದುಕೊಂಡು ಹೋದ ಮಕ್ಕಳ ಮನಸ್ಸು ನೋಯಬಾರದು ಅಂತ ಎಲ್ಲದಕ್ಕೂ ಚೆನ್ನಾಗಿತ್ತು ಅಂತಲೇ ಹೇಳುತ್ತಾರೆ. ಅದಕ್ಕೇ "ಹೇಗಿತ್ತು?" ಅಂತ ಕೇಳಬೇಡಿ. ಹೀಗೆ ಕೇಳಿ:

ಕಣ್ಣು ಮುಚ್ಚಿದರೆ ಮೊದಲು ಯಾವ ಜಾಗ ಕಾಣುತ್ತೆ?
ಎಲ್ಲಿ ಕೂರಬೇಕು ಅನ್ನಿಸಿ, ಕೂರಲು ಜಾಗ ಸಿಗಲಿಲ್ಲ?
ಯಾವ ದಿನ ಹೊಟ್ಟೆ ತುಂಬಾ ಊಟ ಆಗಲಿಲ್ಲ?
ಗೊತ್ತಿಲ್ಲದ ಯಾರ ಜೊತೆ ಮಾತಾಡಿದ್ದು ನೆನಪಿದೆ?
ಯಾವ ಊರಿಗೆ ಇನ್ನೊಂದು ಸಲ ಹೋಗಬೇಕು, ಯಾವುದು ಒಂದು ಸಲ ಸಾಕು?

ನಮ್ಮ ಮನೆಯಲ್ಲಿ ಮಗಳು ಹೇಳಿದ್ದು ಯಾವ ಊರಿನ ಹೆಸರನ್ನೂ ಅಲ್ಲ. ಹಡಗು ಎಲ್ಲೂ ನಿಲ್ಲದ ದಿನ, ಭಾಷೆಯೇ ಗೊತ್ತಿಲ್ಲದ ಇನ್ನೊಂದು ಹುಡುಗಿಯ ಜೊತೆ ಮಧ್ಯಾಹ್ನವೆಲ್ಲ ಊನೋ ಅನ್ನುವ ಕಾರ್ಡಿನ ಆಟ ಆಡಿದ್ದು. ಮಗನಿಗೆ ಪಾಂಪೇ. ಕ್ರಿ.ಶ. 79ರಲ್ಲಿ ವೆಸೂವಿಯಸ್ ಜ್ವಾಲಾಮುಖಿಯ ಬೂದಿಯಲ್ಲಿ ಮುಚ್ಚಿಹೋದ ಊರು ಅನ್ನುವುದು ಅವನಿಗೆ ಪುಸ್ತಕದಿಂದಲೇ ಗೊತ್ತಿತ್ತು. ಅವನು ಹೇಳಿದ್ದು ರಸ್ತೆಯ ಬಗ್ಗೆ. ಗಾಡಿ ಚಕ್ರ ಓಡಿ ಓಡಿ ಕಲ್ಲಿನಲ್ಲಿ ಬಿದ್ದ ಗಾಡಿ ಜಾಡು, ಜನ ಕೊಚ್ಚೆ ತುಳಿಯದೆ ದಾಟಲು ರಸ್ತೆಗೆ ಅಡ್ಡ ಇಟ್ಟ ದಪ್ಪ ಕಲ್ಲುಗಳು. "ಆ ಕಲ್ಲಿನ ಸಂದಿಯಲ್ಲಿ ನನ್ನ ಕಾಲು ಇಟ್ಟೆ" ಅಂದ.

ಆಮೇಲೆ ಅಮ್ಮನ ಸರದಿ. ರೋಮಿನಲ್ಲಿ ಕೊಲೋಸಿಯಂ ತೋರಿಸಿದ್ದೇವೆ, ಅದನ್ನೇ ಹೇಳುತ್ತಾರೆ ಅಂತ ನಾವೆಲ್ಲ ಅಂದುಕೊಂಡಿದ್ದೆವು. ಮಗ ಕೇಳಿದ, "ಅಜ್ಜಿ, ನಿಂಗೆ ರೋಮ್ ಇಷ್ಟ ಆಗ್ಲಿಲ್ವಾ?" ಅಮ್ಮ ಸ್ವಲ್ಪ ಹೊತ್ತು ಸೆರಗಿನ ಅಂಚು ಮಡಿಸುತ್ತ ಕೂತರು. "ದೊಡ್ಡ ಊರು ಕಣೋ. ಆದ್ರೆ ಆ ಕರಿ ಕಲ್ಲಿನ ರಸ್ತೆ ಮೇಲೆ ನಾನು ನೋಡಿದ್ದೆಲ್ಲ ನನ್ನ ಕಾಲು ಮಾತ್ರ. ಎಲ್ಲಿ ಮಂಡಿ ಹೊರಳುತ್ತೋ ಅಂತ." ಹಾಗಾದರೆ ಏನು ಇಷ್ಟವಾಯಿತು? ನೇಪಲ್ಸ್‌ಗೆ ಹಡಗು ಬರುತ್ತಿದ್ದ ಬೆಳಿಗ್ಗೆ. ಡೆಕ್ಕಿನಲ್ಲಿ ಶಾಲು ಹೊದ್ದು, ಪ್ಲಾಸ್ಟಿಕ್ ಕುರ್ಚಿಯಲ್ಲಿ ಕಾಫಿ ಹಿಡಿದು ಕೂತಿದ್ದರು. ಬೆಟ್ಟ ಮೊದಲು ಕಂಡಿತು, ಆಮೇಲೆ ಮನೆಗಳು, ಆಮೇಲೆ ಬಾಲ್ಕನಿಯಲ್ಲಿ ಒಣಹಾಕಿದ ಬಟ್ಟೆ. "ಇಷ್ಟು ವಯಸ್ಸಿಗೆ ಊರೂರು ಸುತ್ತಿದೀನಿ. ಊರೇ ನನ್ನ ಹತ್ರ ಬಂದಿದ್ದು ಅವತ್ತೊಂದೇ ದಿನ."

ಈ ಮಾತು ಕೇಳಿದ ಮೇಲೆ ಪ್ರವಾಸದ ಪಟ್ಟಿಯನ್ನು ಬೇರೆ ಕಣ್ಣಿನಿಂದ ನೋಡಿದೆವು. ಹಡಗಿನವರ ಪಟ್ಟಿಯಲ್ಲಿ "ರೋಮ್" ಅಂತ ಇದ್ದರೂ ಹಡಗು ನಿಲ್ಲುವುದು ಚಿವಿತಾವೆಕ್ಕಿಯಾ ಅನ್ನುವ ಬಂದರಿನಲ್ಲಿ. ಅಲ್ಲಿಂದ ರೋಮ್ 70-80 ಕಿಲೋಮೀಟರ್. ಹೋಗಿ ಬರುವುದಕ್ಕೇ ಮೂರು ಗಂಟೆ ಬೇಕು, ಹಡಗು ಬಿಡುವ ಹೊತ್ತಿಗೆ ವಾಪಸ್ ಬರಬೇಕು ಅನ್ನುವ ಆತಂಕ ಬೇರೆ. "ಫ್ಲಾರೆನ್ಸ್" ಅಂತ ಬರೆದ ಕಡೆ ಹಡಗು ನಿಲ್ಲುವುದು ಲಿವೊರ್ನೊದಲ್ಲಿ, ಸುಮಾರು 90 ಕಿಲೋಮೀಟರ್ ದೂರ. ನೇಪಲ್ಸ್, ಜಿನೋವಾ, ಬಾರ್ಸಿಲೋನಾ ಹಾಗಲ್ಲ, ಹಡಗು ಇಳಿದರೆ ಊರೇ ಎದುರಿಗೆ. ನಮ್ಮ ಮನೆಯವರು ಕಷ್ಟ ಅಂತ ಹೇಳಿದ ದಿನಗಳೆಲ್ಲ ಬಂದರು ದೂರ ಇದ್ದ ದಿನಗಳು. ಇಷ್ಟ ಅಂದದ್ದೆಲ್ಲ ಬಂದರು ಹತ್ತಿರ ಇದ್ದ ದಿನ, ಇಲ್ಲ ಹಡಗಿನಲ್ಲೇ ಇದ್ದ ದಿನ. ವಯಸ್ಸಾದವರ ಜೊತೆ ಹೋಗುವವರು ಬುಕ್ ಮಾಡುವ ಮೊದಲು ಬಂದರಿನಿಂದ ಊರಿಗೆ ಎಷ್ಟು ದೂರ ಅಂತ ನೋಡಲೇಬೇಕು. ರೋಮ್ ನೋಡಲೇಬೇಕು ಅಂದರೆ ಕ್ರೂಸ್ ಶುರುವಾಗುವ ಮೊದಲು ಎರಡು ದಿನ ಅಲ್ಲೇ ಹೋಟೆಲ್ ಮಾಡಿ, ನಿಧಾನಕ್ಕೆ ನೋಡಿ.

ಮಾತಾಡುವಾಗ ಫೋನಿನ ರೆಕಾರ್ಡರ್ ಆನ್ ಮಾಡಿ ಮೇಜಿನ ಮೇಲೆ ಇಡಿ. ಮೊದಲೇ ಹೇಳಿಬಿಡಿ, ಐದು ನಿಮಿಷಕ್ಕೆ ಅದು ಇದೆ ಅನ್ನುವುದನ್ನೇ ಎಲ್ಲರೂ ಮರೆಯುತ್ತಾರೆ. ಅಜ್ಜಿ ತಾತಂದಿರ ದನಿಯಲ್ಲಿ, ಅವರದೇ ಮಾತಿನಲ್ಲಿ ಇರುವ ಪ್ರವಾಸ ಕಥನ ಬೇರೆ ಎಲ್ಲೂ ಸಿಗುವುದಿಲ್ಲ.

ಐದನೇ ಹೆಜ್ಜೆ: ಈಗ ಫೋಟೋ

ಮಾತು ಮುಗಿದ ಮೇಲೆ ಫೋಟೋ ತೆರೆಯಿರಿ. ಎಲ್ಲರ ಫೋನಿನ ಫೋಟೋ ಒಂದು ಕಡೆ ಸೇರಿಸುವಾಗ ವಾಟ್ಸಾಪ್‌ನಲ್ಲಿ ಸಾಧಾರಣವಾಗಿ ಕಳಿಸಬೇಡಿ, ಗುಣಮಟ್ಟ ಇಳಿಯುತ್ತದೆ. ಶೇರ್ಡ್ ಆಲ್ಬಮ್ ಮಾಡಿ, ಇಲ್ಲವೇ ಪೆನ್‌ಡ್ರೈವ್‌ಗೆ ಹಾಕಿ.

ಸೇರಿಸಿದ ಮೇಲೆ ಒಂದು ಗೋಜಲು ಕಾಣುತ್ತದೆ. ಬೆಳಗಿನ ಫೋಟೋ ಮಧ್ಯಾಹ್ನದ್ದರ ನಡುವೆ ಬಂದಿರುತ್ತದೆ. ದಡದಲ್ಲಿ ಫೋನ್ ತಾನೇ ಸಮಯ ಬದಲಿಸಿಕೊಳ್ಳುತ್ತದೆ, ಕ್ಯಾಮೆರಾ ಮಾತ್ರ ಬೆಂಗಳೂರಿನ ಸಮಯದಲ್ಲೇ ಓಡುತ್ತಿರುತ್ತದೆ. ಕ್ಯಾಮೆರಾದ ಫೋಟೋಗಳನ್ನೆಲ್ಲ ಒಟ್ಟಿಗೆ ಆರಿಸಿ ಬೇಸಿಗೆಯ ಪ್ರವಾಸವಾದರೆ ಮೂರೂವರೆ, ಚಳಿಗಾಲದ್ದಾದರೆ ನಾಲ್ಕೂವರೆ ಗಂಟೆ ಹಿಂದಕ್ಕೆ ತಳ್ಳಿದರೆ ಸರಿಹೋಗುತ್ತದೆ. ಕಂಪ್ಯೂಟರಿನಲ್ಲಿ ಗೂಗಲ್ ಫೋಟೋಸ್ ತೆರೆದರೆ ಇದನ್ನು ಒಂದೇ ಸಲಕ್ಕೆ ಮಾಡಬಹುದು.

ಆಮೇಲೆ ಆರಿಸುವುದು. ಒಂದು ಊರಿಗೆ ಹತ್ತು ಫೋಟೋ, ಅದಕ್ಕಿಂತ ಜಾಸ್ತಿ ಬೇಡ. ಆ ಹತ್ತರಲ್ಲಿ ಮನೆಯ ಪ್ರತಿಯೊಬ್ಬರೂ ಆರಿಸಿದ್ದು ಒಂದಾದರೂ ಇರಲಿ. ಸ್ಮಾರಕದ ಮುಂದೆ ಸಾಲಾಗಿ ನಿಂತದ್ದಕ್ಕಿಂತ ರೈಲಿಗೆ ಕಾಯುವಾಗ, ಮೆಟ್ಟಿಲ ಮೇಲೆ ಕೂತು ಪಿಜ್ಜಾ ತಿನ್ನುವಾಗ ತೆಗೆದದ್ದು ಮುಂದೆ ಜಾಸ್ತಿ ಖುಷಿ ಕೊಡುತ್ತದೆ ಅನ್ನುವುದು ನನ್ನ ಅನುಭವ. ಆರಿಸಿದ್ದನ್ನು ಪ್ರಿಂಟ್ ಹಾಕಿಸಿ. ಅವೆನ್ಯೂ ರಸ್ತೆಯಲ್ಲಿ ದಪ್ಪ ಹಾಳೆಯ ಖಾಲಿ ಪುಸ್ತಕ ತಂದು, ಫೋಟೋ ಅಂಟಿಸಿ, ಪಕ್ಕದಲ್ಲಿ ಭಾನುವಾರ ಯಾರು ಏನು ಹೇಳಿದರೋ ಅದನ್ನೇ ಅವರ ಮಾತಿನಲ್ಲೇ ಬರೆಯಿರಿ. ಮೆಟ್ರೋ ಟಿಕೆಟ್ಟು, ಹಡಗಿನ ಕಾರ್ಯಕ್ರಮದ ಹಾಳೆ, ರಟ್ಟಿನ ಪೆಟ್ಟಿಗೆಯಲ್ಲಿ ಉಳಿದ ಇಂಥವೆಲ್ಲ ಅಲ್ಲೇ ಜಾಗ ಹುಡುಕಿಕೊಳ್ಳುತ್ತವೆ. ಮೂಲ ಫೋಟೋಗಳ ಮೂರು ಪ್ರತಿ ಇರಲಿ: ಒಂದು ಫೋನಿನಲ್ಲಿ, ಒಂದು ಹಾರ್ಡ್ ಡಿಸ್ಕಿನಲ್ಲಿ, ಒಂದು ಮನೆಯ ಹೊರಗೆ ಕ್ಲೌಡಿನಲ್ಲಿ.

ನೆಂಟರಿಗೆ, ಅಕ್ಕಪಕ್ಕದವರಿಗೆ ತಂದ ಚಾಕೊಲೇಟು ಹಂಚುವಾಗ ಹಾಲಿನ ಪ್ಯಾಕೆಟ್ ತೆಗೆದಿಟ್ಟು ತುಳಸಿಗೆ ನೀರು ಹಾಕಿದವರ ಮನೆಗೆ ಮೊದಲು ಹೋಗಿ. ಅವರಿಗೆ ಎಲ್ಲ ಫೋಟೋ ತೋರಿಸುವುದು ಬೇಡ, ಆರಿಸಿದ ಪುಸ್ತಕ ಕೈಗೆ ಕೊಡಿ. ಬೇಕಾದಷ್ಟು ಹೊತ್ತು ನೋಡುತ್ತಾರೆ.

ಆರನೇ ಹೆಜ್ಜೆ: ಮುಂದಿನ ಸಲಕ್ಕೆ ಒಂದೇ ಹಾಳೆ

ನೆನಪು ಹಸಿಯಾಗಿರುವಾಗಲೇ ಒಂದು ಹಾಳೆ ಬರೆದು ಪಾಸ್‌ಪೋರ್ಟಿನ ಜೊತೆ ಇಡಿ. ಒಯ್ದು ಮುಟ್ಟದೇ ವಾಪಸ್ ತಂದ ಸಾಮಾನು ಯಾವುದು, ಇಲ್ಲದೆ ಪರದಾಡಿದ್ದು ಯಾವುದು, ಒಂದು ದಿನಕ್ಕೆ ಎಷ್ಟು ನಡೆದರೆ ಹಿರಿಯರಿಗೆ ಸಾಕಾಗುತ್ತದೆ, ಹಡಗಿನ ಯಾವ ಮಹಡಿಯ ರೂಮಿನಲ್ಲಿ ಸದ್ದು ಕಡಿಮೆ. ಸಸ್ಯಾಹಾರಿಗಳಾದರೆ ಊಟದ ವಿಷಯವನ್ನು ವಿವರವಾಗಿ ಬರೆದಿಡಿ. ಮೊದಲ ದಿನವೇ ಡೈನಿಂಗ್ ಹಾಲಿನ ಮುಖ್ಯಸ್ಥರಿಗೆ ಹೇಳಿದರೆ ಮರುದಿನದಿಂದ ಬೇರೆ ಅಡುಗೆ ಮಾಡಿಕೊಟ್ಟರಾ, ಮೀನು ಮೊಟ್ಟೆಯೂ ಬೇಡ ಅನ್ನುವುದನ್ನು ಬಿಡಿಸಿ ಹೇಳಬೇಕಾಯಿತಾ, ಯಾವ ಊರಿನಲ್ಲಿ ಏನು ಸಿಕ್ಕಿತು. ಮುಂದೆ ಹೋಗುವ ನೆಂಟರು ಕೇಳಿದಾಗ ಈ ಹಾಳೆಯ ಫೋಟೋ ಕಳಿಸಿದರೆ ಸಾಕು.

ವೀಸಾ ಪುಟದ ಪ್ರತಿಯನ್ನೂ ಅದರ ಜೊತೆ ಇಡಿ. ಭಾರತೀಯರಿಗೆ ಯೂರೋಪಿಯನ್ ಕಮಿಷನ್ 2024ರ ಏಪ್ರಿಲ್ 18ರಂದು ಒಂದು ಸಡಿಲಿಕೆ ಮಾಡಿದೆ. ಹಿಂದಿನ ಮೂರು ವರ್ಷದಲ್ಲಿ ಎರಡು ವೀಸಾ ಪಡೆದು ನಿಯಮ ಪ್ರಕಾರ ಬಳಸಿದ್ದವರಿಗೆ ಎರಡು ವರ್ಷದ, ಎಷ್ಟು ಸಲ ಬೇಕಾದರೂ ಹೋಗಿಬರುವ ವೀಸಾ ಸಿಗಬಹುದು. ಅದಾದ ಮೇಲೆ ಐದು ವರ್ಷದ್ದು. ವೀಸಾ ಶುಲ್ಕ 2024ರ ಜೂನ್‌ನಿಂದ ದೊಡ್ಡವರಿಗೆ 90 ಯೂರೋ, ಆರರಿಂದ ಹನ್ನೆರಡು ವರ್ಷದೊಳಗಿನ ಮಕ್ಕಳಿಗೆ 45 ಯೂರೋ ಆಗಿರುವುದರಿಂದ, ಕುಟುಂಬಕ್ಕೆಲ್ಲ ಲೆಕ್ಕ ಹಾಕಿದರೆ ಇದು ದೊಡ್ಡ ಉಳಿತಾಯ. ಈಗ ಕೊಟ್ಟ ಬೆರಳಚ್ಚು 59 ತಿಂಗಳವರೆಗೆ ನಡೆಯುತ್ತದೆ, ಅಷ್ಟರೊಳಗೆ ಹೋಗುವುದಾದರೆ ಸಾಮಾನ್ಯವಾಗಿ ಮತ್ತೆ ಕೊಡಬೇಕಾಗಿಲ್ಲ.

ಉದ್ದನೆಯ ವೀಸಾ ಸಿಗಬೇಕಾದರೆ ಪಾಸ್‌ಪೋರ್ಟಿನಲ್ಲಿ ಅಷ್ಟು ಅವಧಿ ಉಳಿದಿರಬೇಕು. ಚಿಕ್ಕ ಮಕ್ಕಳ ಪಾಸ್‌ಪೋರ್ಟ್ ಐದೇ ವರ್ಷಕ್ಕೆ ಮುಗಿಯುತ್ತದೆ, ಇದು ತುಂಬಾ ಜನರ ಗಮನಕ್ಕೆ ಬರುವುದು ಮುಂದಿನ ಟಿಕೆಟ್ ಮಾಡಿಸುವಾಗಲೇ. ಹಾಳೆಯ ಕೆಳಗೆ ಎಲ್ಲರ ಪಾಸ್‌ಪೋರ್ಟ್ ಮುಗಿಯುವ ದಿನಾಂಕ ಬರೆದುಕೊಳ್ಳಿ. ಯಾವುದಾದರೂ ಒಂದು ವರ್ಷದೊಳಗೆ ಮುಗಿಯುತ್ತಿದ್ದರೆ ಈಗಲೇ ಪಾಸ್‌ಪೋರ್ಟ್ ಸೇವಾ ಕೇಂದ್ರದಲ್ಲಿ ದಿನ ಗೊತ್ತು ಮಾಡಿಕೊಳ್ಳಿ. ಬೇಸಿಗೆ ರಜೆ ಹತ್ತಿರ ಬಂದಮೇಲೆ ಎಲ್ಲರೂ ಅಲ್ಲೇ ಇರುತ್ತಾರೆ.